ಬಾವಿಮನೆಯ ಪೆಟ್ಟಿಗೆ

ನಮ್ಮ ಕೇರಿಯ ಹೆಂಗಸರು ಬಾವಿಗೆ ಹಾಡುವ ಹಾಡನ್ನು ಪುರಸಭೆಯವರು ಒಂದು ಮಧ್ಯಾಹ್ನ ಅವರನ್ನೆಲ್ಲ ಕೂಡಿಸಿ, ಹಾಡಿಸಿ, ಒಂದು ಯಂತ್ರಕ್ಕೆ ತುಂಬಿಕೊಂಡರು. ಮರುದಿನ ಸಭೆ ಸೇರಿ, ಇನ್ನು ಮುಂದೆ ಕೇರಿಯವರು ಬಾವಿಕಟ್ಟೆಯ ಮೇಲೆ ಹಾಡಬಾರದೆಂದು ಠರಾವು ಮಾಡಿದರು.

ಆ ಯಂತ್ರವನ್ನು ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಹೆಸರು ದೇವಕ್ಕ. ನಾನೂ ಅದೇ ಕೇರಿಯವಳು. ಹಾಡುವ ಮೇಳಕ್ಕೆ ಮುಂದಾಳಾದ ಹುಲಿಗೆವ್ವ ನನ್ನ ಹಡೆದವ್ವ.

ನಮ್ಮೂರಿಗೆ ಹೊಳೆ ಇಲ್ಲ, ಕೆರೆ ಇಲ್ಲ. ಇರುವುದು ಒಂದೇ ಬಾವಿ. ಅದನ್ನು ತೋಡಿದವರು ನಮ್ಮ ಹಿರಿಯರು. ತೋಡುವಾಗ ಅವರು ಏನು ಹಾಡಿದ್ದರೋ ಅದನ್ನೇ ಅವರ ಮಕ್ಕಳು ಮೊಮ್ಮಕ್ಕಳು ಹಾಡಿದರೆ ನೀರು ಮೇಲಕ್ಕೆ ಬರುತ್ತದೆ. ಹಾಡು ನಿಂತರೆ ಸ್ವಲ್ಪ ಹೊತ್ತು ಕಾದು, ಮತ್ತೆ ತಳಕ್ಕಿಳಿದು ಕೂತುಬಿಡುತ್ತದೆ. ಮೇಲಿನ ಓಣಿಯವರು ಹಾಡಿದರೆ ಬರುವುದಿಲ್ಲ. ಅವರು ಹಾಡಿ ನೋಡಿಲ್ಲವೆಂದಲ್ಲ. ಸಂಗೀತದ ಮೇಷ್ಟ್ರನ್ನು ಕರೆಸಿ, ಹಾರ್ಮೋನಿಯಂ ಇಟ್ಟು, ಶ್ರುತಿ ಹಿಡಿದು ಹಾಡಿಸಿದ್ದರು. ಒಂದು ಕಪ್ಪೆ ಮೇಲೆ ಬಂದು ನೋಡಿ ಹೋಯಿತು, ಅಷ್ಟೇ.

ಅದಕ್ಕೇ ಒಂದು ಪದ್ಧತಿ ಬೆಳೆದಿತ್ತು. ನೀರು ಬೇಕಾದವರು ತಾವೇ ಕೇರಿಯ ಬಾಯಿಗೆ ಬಂದು, ಚಪ್ಪಲಿ ಬಿಟ್ಟು ನಿಂತು, "ಬಾವಿ ಕರೀಲಿಕ್ಕೆ ಬರ್ರೆವ್ವಾ" ಅನ್ನಬೇಕು. ಆಳಿನ ಕೈಲಿ ಹೇಳಿ ಕಳಿಸುವ ಹಾಗಿಲ್ಲ. ನಮ್ಮ ಹಿರಿಯರಿಗೆ ಹೊಲ ಕೊಡಲಿಲ್ಲ, ಗುಡಿಯ ಮೆಟ್ಟಿಲು ಕೊಡಲಿಲ್ಲ, ಬಾವಿ ತೋಡಿದ ಕೈಗೆ ಅದೇ ಬಾವಿಯ ಹಗ್ಗ ಮುಟ್ಟಲು ಎಷ್ಟೋ ತಲೆಮಾರು ಬಿಡಲಿಲ್ಲ. ಆದರೆ ಈ ಒಂದು ಮಾತನ್ನು ಮಾತ್ರ ಅವರು ನಮ್ಮಲ್ಲಿಗೆ ಬಂದು ಆಡಲೇಬೇಕಿತ್ತು. ನೀರಡಿಕೆಯಿಂದ ಮೇಲಿನ ಓಣಿಯಲ್ಲಿ ಯಾರೂ ಸತ್ತಿರಲಿಲ್ಲ; ಕೇಳಿಕೊಳ್ಳಬೇಕಲ್ಲಾ ಎಂಬ ಉರಿಯಲ್ಲಿ ದಿನವೂ ಸಾಯುತ್ತಿದ್ದರು. ಯಂತ್ರ ತಂದದ್ದು ನೀರಿಗಾಗಿ ಅಲ್ಲ, ಆ ಮಾತಿನಿಂದ ಪಾರಾಗಲು.

ಯಂತ್ರವನ್ನು ಬಾವಿಗೆ ಅಂಟಿಸಿ ಕಟ್ಟಿದ ಸಣ್ಣ ಕೋಣೆಯಲ್ಲಿ ಇಟ್ಟರು. ಜನ ಅದಕ್ಕೆ ಬಾವಿಮನೆ ಎಂದು ಹೆಸರಿಟ್ಟರು. ಅದರ ಕಿಟಕಿ ತೆರೆಯುವುದು ಬಾವಿಯೊಳಕ್ಕೆ. ಕಿಟಕಿಯಲ್ಲಿ ಎರಡು ಸ್ಪೀಕರು. ಪೆಟ್ಟಿಗೆಯೊಳಗೆ ನಾಲ್ಕು ಡಿಸ್ಕುಗಳಿವೆ. ಹಾಡನ್ನು ಒಂದರಲ್ಲೇ ಇಟ್ಟಿಲ್ಲ, ನಾಲ್ಕಕ್ಕೂ ಹಂಚಿದ್ದಾರೆ. ಯಾವುದೋ ಒಂದು ಸತ್ತರೂ ಉಳಿದ ಮೂರು ಸೇರಿ ಅದರ ಪಾಲನ್ನು ಹೇಳುತ್ತವೆ. ಇದಕ್ಕೆ ರೇಡ್ ಅನ್ನುತ್ತಾರೆ. ಡಿಪ್ಲೊಮಾ ಓದುವಾಗ ಇದು ತಲೆಗೆ ಹತ್ತದೆ ಒದ್ದಾಡುತ್ತಿದ್ದ ಗೆಳತಿಯರಿಗೆ ನಾನು ಹೇಳುತ್ತಿದ್ದೆ: ನಮ್ಮವ್ವನ ಮೇಳದಲ್ಲಿ ಒಬ್ಬಳಿಗೆ ಕೆಮ್ಮು ಬಂದರೆ ಉಳಿದವರು ಅವಳ ಸಾಲನ್ನೂ ಎತ್ತಿಕೊಳ್ಳುತ್ತಾರೆ, ಹಾಡು ಹರಿಯುವುದಿಲ್ಲ, ಹಾಗೆ. ಈ ಹಂಚಿಕೆಯನ್ನು ನೋಡಿಕೊಳ್ಳುವ ಕಾರ್ಡಿಗೆ ಕಂಟ್ರೋಲರ್ ಎಂದು ಹೆಸರು. ಡಿಸ್ಕು ಸತ್ತರೆ ಅದು ಬಾಯಿ ಬಡಿದುಕೊಳ್ಳುತ್ತದೆ.

ಕೆಲಸವನ್ನು ನನಗೇ ಯಾಕೆ ಕೊಟ್ಟರೆಂದು ನನಗೆ ಗೊತ್ತಿತ್ತು. ಕೇರಿಯ ಹುಡುಗಿಯನ್ನೇ ಕೂರಿಸಿದರೆ ಕೇರಿ ಕೂಗಾಡುವುದಿಲ್ಲ. ಆದೇಶ ಹಿಡಿದು ಮನೆಗೆ ಹೋದ ದಿನ ಅವ್ವನ ಮುಖ ನೋಡಲು ನನಗೆ ಧೈರ್ಯವಾಗಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತಾ ಕೂತಿದ್ದಳು.

"ನನ್ನ ದನಿಗೆ ಕಾವಲು ಕುಂದರ್ತೀಯೇನ?" ಅಂದಳು. "ಕುಂದ್ರು. ಬ್ಯಾರೇದವ್ರು ಕುಂದ್ರೂದಕ್ಕಿಂತ ನೀ ಕುಂದ್ರೂದು ಚಲೋ."

ಅಂದಿನಿಂದ ಅವಳು ಮನೆಯಲ್ಲೂ ಹಾಡುವುದನ್ನು ಬಿಟ್ಟಳು. ಬಿಡಲೇಬೇಕಾಯಿತು. ಅಕ್ಕಿ ತೊಳೆಯುವಾಗ ಮರೆತು ಒಂದು ಸಾಲು ಗುನುಗಿದರೆ ಪಾತ್ರೆಯ ನೀರು ಒಂದು ಬೆರಳು ಮೇಲೆದ್ದು ಒಲೆಗೆ ಚೆಲ್ಲುತ್ತಿತ್ತು. ನೀರಿಗೆ ಠರಾವು ಓದಲು ಬರುತ್ತದೆಯೇ? ಒಲೆ ಆರಿದಾಗೆಲ್ಲ ಅವ್ವ ನನ್ನ ಕಡೆ ನೋಡಿ, ತನ್ನ ಬಾಯಿಗೆ ತಾನೇ ಒಂದು ಏಟು ಹಾಕಿಕೊಂಡು ನಗುತ್ತಿದ್ದಳು. ಆ ನಗು ನನಗೆ ಅನ್ನ ಸೇರಗೊಡುತ್ತಿರಲಿಲ್ಲ. ಅವಳು ಮತ್ತೆ ಬಾವಿಕಟ್ಟೆಯ ಮೇಲೆ ನಿಂತು ಬಾಯಿ ತುಂಬ ಹಾಡಬೇಕು: ನನಗೆ ಬೇಕಾಗಿದ್ದು ಅದೊಂದೇ. ನನ್ನ ಸಂಬಳ ಬರುತ್ತಿದ್ದುದು ಅದು ಆಗದಂತೆ ನೋಡಿಕೊಳ್ಳಲು.

ಹೀಗಿರುವಾಗ ಒಂದು ಬೆಳಿಗ್ಗೆ ಬಾವಿಮನೆಯ ಬೀಗ ತೆಗೆಯುವ ಮೊದಲೇ ಆ ಸದ್ದು ಕೇಳಿತು. ಬೀಪ್. ಸ್ವಲ್ಪ ತಡೆದು, ಮತ್ತೆ ಬೀಪ್. ಬಾಗಿಲಲ್ಲಿ ಜವಾನ ಇಮಾಮಸಾಬ ಕಾಕಾ ಎರಡೂ ಕಿವಿಗೆ ಬೆರಳು ಇಟ್ಟುಕೊಂಡು ಕೂತಿದ್ದ.

"ಏನವ್ವಾ ದೇವಕ್ಕಾ, ನಿನ್ನ ಪೆಟ್ಟಿಗಿ ತತ್ತಿ ಇಡಾಕತ್ತೇತೇನ ನೋಡ. ಕೋಳಿ ಆದ್ರೂ ಇಟ್ಟಮ್ಯಾಲ ಸುಮ್ನಾಗ್ತೈತಿ."

ಒಂದು ಡಿಸ್ಕಿನ ದೀಪ ಕೆಂಪಾಗಿತ್ತು. ಹಾಡು ನಿಂತಿರಲಿಲ್ಲ, ಉಳಿದ ಮೂರು ಸೇರಿ ಸರಿಯಾಗಿಯೇ ಹಾಡಿಸುತ್ತಿದ್ದವು. ಸ್ಪೀಕರಿನಲ್ಲಿ ಅವ್ವನ ದನಿ ಏರುತ್ತಿತ್ತು. ಅದರ ನಡುವೆ, ಕರುಳಿಗೆ ಸೂಜಿ ಚುಚ್ಚಿದ ಹಾಗೆ, ಬೀಪ್. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಅವ್ವನ ದನಿಗೆ ನೀರು ಗೇಣುದ್ದ ಮೇಲೇಳುತ್ತಿತ್ತು. ಬೀಪ್ ಕೇಳಿದೊಡನೆ ಯಾರೋ ಗದರಿದಂತೆ ಎರಡು ಗೇಣು ಇಳಿಯುತ್ತಿತ್ತು. ಮೇಲಿನ ಓಣಿಯ ನಲ್ಲಿಗಳಿಗೆ ನೀರೆಳೆಯುವ ಪೈಪಿನ ಬಾಯಿ ಒಣಗಿ ಗಾಳಿ ಕುಡಿಯುತ್ತಿತ್ತು.

ಬಿಸಿಲು ಏರುವಷ್ಟರಲ್ಲಿ ಮುಖ್ಯಾಧಿಕಾರಿ ಪಟ್ಟಣಶೆಟ್ಟಿ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ. ಮೇಲಿನವರು ಕೂಗಿದರೆ ಕೆಳಗಿನವರ ಮೇಲೆ ಕೂಗುವುದೇ ಆಡಳಿತ ಎಂದು ನಂಬಿದ್ದವರು, ಅಷ್ಟೇ. ಅವತ್ತು ಅವರ ಮನೆಯಲ್ಲೂ ನಲ್ಲಿ ಬುಸುಗುಟ್ಟಿತ್ತು. ಅರ್ಧ ಗಡ್ಡ ಹೆರೆದು ಅರ್ಧ ಬಿಟ್ಟು ಬಂದಿದ್ದರು.

"ಬಂದ್ ಮಾಡದನ್ನ!"

"ಪೆಟ್ಟಿಗೆ ಬಂದ್ ಮಾಡಿದ್ರ ಹಾಡೂ ಬಂದ್ ಆಗ್ತದ ಸರ್."

"ಬರೇ ಆ ಕಿರಚಾಟ ಬಂದ್ ಮಾಡು!"

"ಅದಕ್ಕ ಕಂಟ್ರೋಲರಿನ ಸಾಫ್ಟ್‌ವೇರ್ ಬೇಕು ಸರ್. ಅದರೊಳಗ ಒಂದು ಗುಂಡಿ ಅದ, ಒತ್ತಿದ್ರ ಸುಮ್ನಾಗ್ತದ. ಆದ್ರ ಈ ಯಂತ್ರದಾಗ ಅದು ಸರಿಯಾಗಿ ಕೂತಿಲ್ಲ."

ಸಾಹೇಬರು ನನ್ನ ಮಾತು ಮುಗಿಯುವ ಮೊದಲೇ ಇಮಾಮಸಾಬನ ಕಂಬಳಿ ಎಳೆದು ಪೆಟ್ಟಿಗೆಗೆ ಹೊದಿಸಿದರು. ಸದ್ದು ಸ್ವಲ್ಪ ಅಡಗಿತು. ಹತ್ತು ಉಸಿರು ಬಿಡುವಷ್ಟರಲ್ಲಿ ಪೆಟ್ಟಿಗೆ ಕಾದು, ಫ್ಯಾನು ಬುಲ್ಡೋಜರಿನ ಹಾಗೆ ಮೊರೆಯತೊಡಗಿತು. ನೀರು ಮತ್ತೂ ಒಂದು ಆಳು ಇಳಿಯಿತು. ಕಂಬಳಿ ತೆಗೆದೆ.

"ನನ್ನ ಕಂಬಳಿಗೆ ಹೇನು ಅದಾವಂತ ಬಾವಿಗೆ ತಿಳೀತು ಕಾಣ್ತೈತ್ರಿ," ಅಂದ ಇಮಾಮಸಾಬ.

ಬೇರೂರಿನಿಂದ ಟ್ಯಾಂಕರ್ ತರಿಸುವ ಮಾತು ಎದ್ದಿತು. ಬೇರೂರಿನ ನೀರನ್ನು ನಮ್ಮೂರಿಗೆ ತಂದರೆ ಅದು ದಾರಿಯಲ್ಲೇ ಬರೀ ಉಗಿಯಾಗಿ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಟ್ಯಾಂಕರಿನ ಬಿಲ್ಲು ಮಾತ್ರ ತುಂಬಿಕೊಂಡೇ ಬರುತ್ತದೆ. ಕೇರಿಯವರನ್ನು ಕರೆಯೋಣವೆಂದು ಯಾರ ಬಾಯಿಂದಲೂ ಬರಲಿಲ್ಲ. ಮೂರು ಮಾರು ದೂರದಲ್ಲಿ ನಮ್ಮ ಮನೆ. ಅವ್ವ ಹೊಸ್ತಿಲ ಮೇಲೆ ಕೂತು ಕಾಳು ಹಸನು ಮಾಡುತ್ತಾ, ತನ್ನದೇ ದನಿ ಚೂರುಚೂರಾಗುವುದನ್ನು ಕೇಳುತ್ತಿದ್ದಳು.

ಬೇಕಂತಲೇ ತಡಮಾಡಬಹುದಿತ್ತು. ಮನಸ್ಸಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಇನ್ನೊಂದು ಡಿಸ್ಕು ಸತ್ತರೆ ಹಾಡೇ ಹೋಗುತ್ತಿತ್ತು. ಕದ್ದು ತುಂಬಿದ್ದಾದರೂ ಅದು ನನ್ನವ್ವನ ದನಿ. ಅದನ್ನು ನನ್ನ ಕೈಯಾರೆ ಕೊಲ್ಲುವುದು ನನ್ನಿಂದಾಗದು. ಕೀಲಿಮಣೆ ಎಳೆದುಕೊಂಡು ಕೂತೆ.

ಮೊದಲ ಸಲ ಸಾಫ್ಟ್‌ವೇರ್ ಅರ್ಧಕ್ಕೆ ನಿಂತು, ಯಜಮಾನನ ಪಾಸ್‌ವರ್ಡ್ ಕೇಳಿತು. ಅದು ಸಾಹೇಬರ ಹತ್ತಿರ ಮಾತ್ರ ಇತ್ತು.

"ಆ ಕಡೆ ಮುಖ ಮಾಡು," ಅಂದು ಅವರೇ ಒಂದು ಬೆರಳಿನಿಂದ ಕುಟ್ಟಿದರು. ತಪ್ಪು. ಮತ್ತೆ ಕುಟ್ಟಿದರು. ತಪ್ಪು. ಬೆವರು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿ, "ಪುರಸಭೆ ಅಧ್ಯಕ್ಷರ ಹೆಸರು, ಒಂದು ಎರಡು ಮೂರು," ಅಂದರು. ದೊಡ್ಡಕ್ಷರದ ಗುಂಡಿ ಒತ್ತಿಯೇ ಉಳಿದಿತ್ತು; ಅದನ್ನು ಬಂದ್ ಮಾಡಿ ಹೊಡೆದೆ, ತೆರೆದುಕೊಂಡಿತು. ಊರಿಗೇ ಗೊತ್ತಿರುವ ಗುಟ್ಟು ಅದು.

ಎರಡನೇ ಸಲ ಸಾಫ್ಟ್‌ವೇರ್ ಪೂರ್ತಿ ಕೂತಿತು. ತೆರೆದರೆ ಪರದೆಯ ಮೇಲಿನ ಕಿಟಕಿ ಖಾಲಿ. ಯಾವ ಯಂತ್ರವೂ ಕಾಣುತ್ತಿಲ್ಲವೆಂದು ಹೇಳಿತು. ಅದೇ ಯಂತ್ರದೊಳಗೆ ಕೂತುಕೊಂಡು! ತೆಗೆದು ಮತ್ತೆ ಹಾಕಿದೆ. ಹಳೆಯ ಡ್ರೈವರ್ ಕಿತ್ತು ಹೊಸದು ಹಾಕಿದೆ. ಹಿನ್ನೆಲೆಯಲ್ಲಿ ಓಡಬೇಕಾದ ಸೇವೆ ಓಡುತ್ತಿದೆಯೇ ನೋಡಿದೆ; ಓಡುತ್ತಿತ್ತು. ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಒಬ್ಬ ಹುಡುಗಿ ಜೇನಿನಂಥ ದನಿಯಲ್ಲಿ, "ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?" ಅಂದಳು. ಆಫ್ ಮಾಡಿದೆವು. ಹಾಡು ನಿಂತಿತು. ಬಾವಿ ತಳದ ಕಲ್ಲು ಕಾಣುವಷ್ಟು ಇಳಿಯಿತು. ಆನ್ ಮಾಡಿದೆವು. ಎಲ್ಲಕ್ಕಿಂತ ಮೊದಲು ಎದ್ದು ಬಂದದ್ದು ಬೀಪ್.

"ಆಕೀಗೆ ನಮ್ಮೂರಿಗೆ ಬಂದು ಒಂದ್ಸಲ ಬಾಯಾರಿ ನೋಡಂತ ಹೇಳು," ಅಂದ ಇಮಾಮಸಾಬ.

ಆಗ ನನಗೆ ಒಂದು ಮಾತು ಹೊಳೆಯಿತು. ಈ ಸಾಫ್ಟ್‌ವೇರ್ ಯಂತ್ರವನ್ನು ಹೆಸರು ಹಿಡಿದು ಕೂಗುತ್ತದೆ. ಓಗೊಟ್ಟರೆ ಮಾತ್ರ ಒಳಗೆ ಬಿಡುತ್ತದೆ. ಹೆಸರುಗಳನ್ನು ಬರೆದಿಟ್ಟಿರುವ ಸಣ್ಣ ಕಡತವೊಂದಿದೆ. ತೆರೆದು ನೋಡಿದರೆ, ಯಂತ್ರ ಕೂಡಿಸಿದ ಎಂಜಿನಿಯರ್ ಅದರಲ್ಲಿ 'ಕೇರಿಬಾವಿ' ಎಂದು ಬರೆದಿದ್ದ. ಯಂತ್ರ ಮಾತ್ರ ತನ್ನ ಹೆಸರು ಬೇರೆ ಏನೋ ಎಂದು ಹೇಳುತ್ತಿತ್ತು.

"ಕಾಕಾ, ಈ ಯಂತ್ರದ ಹೆಸರು ಯಾರರೆ ಬದಲಿ ಮಾಡಿದ್ರೇನು?"

"ಮಾಡಲಾರದೇನು! ಉದ್ಘಾಟನೆ ದಿನ ಅಧ್ಯಕ್ಷರು ಬಂದು ಪರದೆ ಮ್ಯಾಲ ಕೇರಿಬಾವಿ ಅಂತ ಓದಿ ಮುಖ ಇಷ್ಟು ದಪ್ಪ ಮಾಡ್ಕೊಂಡ್ರಲ್ಲ. ಸಾಹೇಬ್ರೇ ಕುಂತು ಬದಲಿ ಮಾಡ್ಸಿದ್ರು. ಎಂಜಿನಿಯರ್ ಬ್ಯಾಡ ಬ್ಯಾಡ ಅಂದ ಪಾಪ. ಅವಂಗ ಹಾರ ಹಾಕಿ ಬಾಯಿ ಮುಚ್ಚಿಸಿದ್ರು."

ಸಾಹೇಬರು ಕಿಟಕಿಯಿಂದಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅವರು ಇಟ್ಟ ಹೆಸರು 'ಶ್ರೀ ರುದ್ರಗೌಡರ ಅಮೃತಧಾರೆ'. ಅಷ್ಟುದ್ದದ ಹೆಸರು ಯಂತ್ರಕ್ಕೆ ಹಿಡಿಸುವುದಿಲ್ಲ. ಅದು ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಬಿಸಾಕಿತ್ತು. ಗೌಡರು ಉಳಿದಿದ್ದರು, ಅಮೃತವೂ ಇರಲಿಲ್ಲ, ಧಾರೆಯೂ ಇರಲಿಲ್ಲ. ಅಂದಿನಿಂದ ಸಾಫ್ಟ್‌ವೇರ್ ಬಾಗಿಲಲ್ಲಿ ನಿಂತು ಕೇರಿಬಾವಿಯನ್ನು ಕೂಗುತ್ತಿತ್ತು. ಒಳಗಿದ್ದ ಕೇರಿಬಾವಿ ಅದು ತನ್ನ ಹೆಸರಲ್ಲವೆಂದು ಸುಮ್ಮನೆ ಕೂತಿತ್ತು. ಹೆಸರು ಕಸಿದುಕೊಂಡರೆ ಹೀಗೇ ಆಗುವುದು, ಯಂತ್ರಕ್ಕಾದರೂ, ಮನುಷ್ಯರಿಗಾದರೂ.

"ಹಳೇ ಹೆಸರು ಇಡಬೇಕು ಸರ್."

"ಅಧ್ಯಕ್ಷರ ಹೆಸರು ತೆಗೀತೀಯಾ? ನನ್ನ ನೌಕರಿ ತೆಗೀತೀಯಾ?"

"ಅವರ ಹೆಸರು ಹೆಂಗೂ ಅರ್ಧಾ ಕತ್ತರಿಸಿ ಕುಂತದ ಸರ್. ಪೂರ್ತಿ ತೆಗೆದ್ರ ಮರ್ಯಾದಿ ಉಳೀತದ."

ಅಷ್ಟರಲ್ಲಿ ಅವರ ಮನೆಯಿಂದ ಫೋನು ಬಂತು. ಹೆಂಡತಿ ಏನಂದರೋ ನಮಗೆ ಕೇಳಲಿಲ್ಲ. ಸಾಹೇಬರು ಮಾತ್ರ "ಹೂಂ, ಹೂಂ, ಆತು ಮಾರಾಯ್ತಿ" ಅಂದು ಇಟ್ಟು, ನನ್ನ ಕಡೆ ನೋಡದೆಯೇ ಕೈಸನ್ನೆ ಮಾಡಿದರು. ಕೇರಿಬಾವಿ ಎಂದು ಬರೆದೆ. ಅಷ್ಟು ಖುಷಿಯಿಂದ ನಾನು ಪರೀಕ್ಷೆಯಲ್ಲೂ ಉತ್ತರ ಬರೆದಿರಲಿಲ್ಲ.

ಆರಿಸಿ ಮತ್ತೆ ಹಚ್ಚಿದೆ, ಯಂತ್ರ ಎದ್ದು ಬಂತು. ಸಾಫ್ಟ್‌ವೇರ್ ಕೂಗಿತು, ಯಂತ್ರ ಓಗೊಟ್ಟಿತು. ಪರದೆಯ ಮೇಲೆ ನಾಲ್ಕು ಡಿಸ್ಕು ಸಾಲಾಗಿ ಕಂಡವು, ಮೂರು ಹಸಿರು, ಒಂದು ಕೆಂಪು. ಗುಂಡಿ ಒತ್ತಿದೆ. ಬೀಪ್ ನಿಂತಿತು. ಆ ಮೌನಕ್ಕೆ ಇಮಾಮಸಾಬ ಕೈಯೆತ್ತಿ ದುವಾ ಮಾಡಿದ. ಸಾಹೇಬರು ನನ್ನ ಬೆನ್ನು ತಟ್ಟಲು ಕೈ ಎತ್ತಿ, ಏನೋ ನೆನಪಾಗಿ, ಮೇಜು ತಟ್ಟಿದರು.

ಆದರೆ ಕೆಲಸ ಮುಗಿದಿರಲಿಲ್ಲ. ಇನ್ನೊಂದು ಸಾಯುವ ಮೊದಲೇ ಸತ್ತ ಡಿಸ್ಕು ತೆಗೆದು ಹೊಸದನ್ನು ಕೂರಿಸಬೇಕು; ಕೂರಿಸಿದ ಮೇಲೆ, ಉಳಿದ ಮೂರು ಸೇರಿ ಅದಕ್ಕೆ ಅದರ ಪಾಲನ್ನು ಹೇಳಿಕೊಡಬೇಕು. ಹೇಳಿಕೊಡುವಾಗ ಹಾಡಿಸಿದರೆ ಹಾಡು ತೊದಲುತ್ತದೆ. ಬಾವಿ ತೊದಲಿಗೂ ಇಳಿಯುತ್ತಿತ್ತು.

"ಎಷ್ಟು ಹೊತ್ತು?"

"ಹೊತ್ತು ಇಳಿಯೂತನ ಆಗಬಹುದು ಸರ್."

ಸಾಹೇಬರು ಅರ್ಧ ಗಡ್ಡ ಕೆರೆದುಕೊಂಡರು. ಹೊರಗೆ ಮೇಲಿನ ಓಣಿಯವರು ಕೊಡ ಹಿಡಿದು ಸೇರಿದ್ದರು, ಕೂಸುಗಳು ಅಳುತ್ತಿದ್ದವು. ಸಾಹೇಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ದಾರಿ ಒಂದೇ ಎಂದು. ಕೊನೆಗೆ ಅವರು ಎದ್ದು ನಡೆದರು. ಯಂತ್ರದ ಹಾಡು ನಿಲ್ಲಿಸಿ, ಹೊಸ ಡಿಸ್ಕು ಕೂರಿಸಿ ನಾನೂ ಹಿಂದೆ ಹೋದೆ. ಸಾಹೇಬರು ಕೇರಿಯ ಬಾಯಲ್ಲಿ ನಿಂತು, ಒಂದು ಬೂಟು ಬಿಟ್ಟು, ಇನ್ನೊಂದರ ಲಾಡಿ ಬಿಚ್ಚಲಾರದೆ ಕುಂಟುತ್ತಾ ನಮ್ಮ ಮನೆಯ ಮುಂದೆ ಬಂದರು.

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಯಾರ ಬಂದಾರ ನೋಡ ದೇವಕ್ಕಾ. ಹಾಲಿನಾವನೇನ?"

"ಹುಲಿಗೆವ್ವಾ, ನಾನು, ಮುಖ್ಯಾಧಿಕಾರಿ."

"ಅಯ್ಯ ನಮ್ಮಪ್ಪಾ! ಕುಂದರ್ರಿ. ನೀರು ಕೊಡೂಣಂದ್ರ ನೀರಿಲ್ಲ. ಪೆಟ್ಟಿಗಿ ಕೆಟ್ಟೈತಂತಲ್ರಿ, ನಿಮಗ ಗೊತ್ತೈತಿಲ್ಲೋ?"

ಒಳಗಿಂದ, ಹಿತ್ತಲಿಂದ, ಪಕ್ಕದ ಮನೆಯಿಂದ ಹೆಂಗಸರ ನಗು ಕೇಳಿತು. ಸಾಹೇಬರು ಆ ಮಾತು ಆಡಿದರು: "ಬಾವಿ ಕರೀಲಿಕ್ಕೆ ಬರ್ರೆವ್ವಾ."

"ಠರಾವು ಐತಲ್ರಿ ಯಪ್ಪಾ?"

"ಇವತ್ತೊಂದಿನ."

ಅವ್ವ ಕಾಳು ಹಸನು ಮಾಡುವುದನ್ನು ಮುಗಿಸಿದಳು. ತಲೆ ಬಾಚಿ ತುರುಬು ಕಟ್ಟಿದಳು. ಒಂದು ಎಲೆ ಅಡಿಕೆ ಹಾಕಿಕೊಂಡಳು. ಸಾಹೇಬರು ಒಂದು ಕಾಲ ಬೂಟಿನಲ್ಲಿ ಬಿಸಿಲಲ್ಲಿ ನಿಂತೇ ಇದ್ದರು. ಆಮೇಲೆ ಅವಳು ಎದ್ದಳು, ಮೇಳವೂ ಎದ್ದಿತು.

ಬಾವಿಕಟ್ಟೆಯ ಮೇಲೆ ನಿಂತು ಅವ್ವ ಮೊದಲ ಸಾಲು ಎತ್ತಿದಾಗ ದನಿ ಸ್ವಲ್ಪ ಒಡೆಯಿತು. ಎಷ್ಟೋ ದಿನ ಮುಚ್ಚಿಟ್ಟ ಗಂಟಲು. ಬಾವಿ ಆ ಒಡಕಿಗೆ ಇಳಿಯಲಿಲ್ಲ. ಕೆಳಗೆ ಕತ್ತಲಲ್ಲಿ ಏನೋ ಹೊರಳಿದ ಸದ್ದಾಯಿತು. ಎರಡನೇ ಸಾಲಿಗೆ ಹೆಂಗಸರೆಲ್ಲ ಸೇರಿದರು. ನೀರು ಬಂತು. ಪೈಪಿನ ಬಾಯಿಗೆ ಬಂದು ನಿಲ್ಲಲಿಲ್ಲ; ಮೆಟ್ಟಿಲು ಮೆಟ್ಟಿಲು ಹತ್ತಿ, ಕಟ್ಟೆಯ ಅಂಚಿಗೆ ಬಂದು, ಅವ್ವನ ಕಾಲ್ಬೆರಳು ಮುಟ್ಟಿತು. ಯಂತ್ರದಲ್ಲಿ ತುಂಬಿದ್ದು ಬರೀ ಮೊದಲ ನುಡಿ. ಅವತ್ತು ಧ್ವನಿಮುದ್ರಣಕ್ಕೆ ಬಂದವನಿಗೆ ಬಸ್ಸು ತಪ್ಪುತ್ತದೆಂದು ಅವಸರವಾಗಿತ್ತು. ಮುಂದಿನ ನುಡಿಗಳನ್ನು ಬಾವಿ ಕೇಳದೆ ಎಷ್ಟು ಕಾಲವಾಗಿತ್ತೋ. ಕಲ್ಲು ಒಡೆದವನ ನುಡಿ, ಮಣ್ಣು ಹೊತ್ತವಳ ನುಡಿ, ತಳದಲ್ಲಿ ಮೊದಲ ತೇವ ಕಂಡು ಅತ್ತವರ ನುಡಿ. ಒಂದೊಂದಕ್ಕೂ ನೀರಿನ ಬಣ್ಣವೇ ಬದಲಾಗುತ್ತಿತ್ತು.

ಕೊಡ, ಬಿಂದಿಗೆ, ಬಕೀಟು ಹಿಡಿದವರು ಬಗ್ಗಿ ಮೊಗೆದುಕೊಂಡರು. ಹಗ್ಗವೇ ಬೇಕಿರಲಿಲ್ಲ, ಅದನ್ನು ಯಾರು ಮುಟ್ಟಬೇಕು ಯಾರು ಮುಟ್ಟಬಾರದು ಎಂಬ ಮಾತೂ ಬೇಕಿರಲಿಲ್ಲ. ಮೇಲಿನ ಓಣಿಯ ಒಬ್ಬ ಅಜ್ಜಿ ಬೊಗಸೆಯಲ್ಲಿ ಕುಡಿದು, "ಪೈಪಿನ ನೀರು ಹಿಂಗ ಇರ್ತಿರ್ಲಿಲ್ಲಬೇ, ಸಪ್ಪಗ ಇರ್ತಿತ್ತು," ಅಂದಳು. ನಮ್ಮ ಕೇರಿಯ ದುರಗವ್ವ ಹಾಡಿನ ನಡುವೆಯೇ, "ಉಪ್ಪು ನಾವ ಅದೀವಲ್ಲಬೇ" ಅಂದು ಮುಂದಿನ ಸಾಲು ಹಿಡಿದಳು. ಇಮಾಮಸಾಬ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ಎರಡೂ ಕೈ ಮೊಣಕೈವರೆಗೆ ನೀರಲ್ಲಿ ಅದ್ದಿಕೊಂಡು ಕೂತ. ನಾನು ಬಾವಿಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಪರದೆ ನೋಡುವುದು, ಒಮ್ಮೆ ಅವ್ವನನ್ನು ನೋಡುವುದು. ಅಲ್ಲಿ ಮೂರು ಡಿಸ್ಕು ಹೊಸದಕ್ಕೆ ಹಾಡು ಹೇಳಿಕೊಡುತ್ತಿದ್ದವು. ಇಲ್ಲಿ ಕೇರಿಯ ಎಳೆಯ ಹುಡುಗಿಯರು ಅಮ್ಮಂದಿರ ಬಾಯಿ ನೋಡಿ ಸಾಲು ಹಿಡಿಯುತ್ತಿದ್ದರು. ಹೊಟ್ಟೆ ತುಂಬಿದ ಹಾಗಿತ್ತು ನನಗೆ. ಅಷ್ಟು ನೆಮ್ಮದಿಯ ದಿನ ನಮ್ಮೂರಲ್ಲಿ ನಾನು ಕಂಡಿಲ್ಲ.

ಬಿಸಿಲು ತಗ್ಗುವ ಹೊತ್ತಿಗೆ ನಾಲ್ಕನೇ ದೀಪವೂ ಹಸಿರಾಯಿತು. ನನ್ನ ಕೆಲಸ ಚೊಕ್ಕಟವಾಗಿ ಮುಗಿದಿತ್ತು, ಹೆಮ್ಮೆಯೇ ಆಯಿತು. ಸಾಹೇಬರಿಗೆ ತೋರಿಸಿದೆ. ಅವರು ಪರದೆ ನೋಡಿದರು, ಕಟ್ಟೆಯ ಕಡೆ ನೋಡಿದರು, ಫೋನು ನೋಡಿದರು. ಫೋನಿನಲ್ಲಿ ಅಧ್ಯಕ್ಷರ ಹೆಸರು ಹೊಳೆದು ಹೊಳೆದು ಆರುತ್ತಿತ್ತು.

"ಸರಿ," ಅಂದರು. "ಇನ್ನ ಅವರನ್ನ ಕೆಳಗ ಇಳಿಸ್ರಿ. ಯಂತ್ರ ಹಚ್ರಿ. ಇಮಾಮಸಾಬ, ಬಾ ಇಲ್ಲಿ, ಹಾಡು ಹಚ್ಚೂ ಗುಂಡಿ ಒತ್ತು."

ಇಮಾಮಸಾಬ ಅವಸರ ಮಾಡದೆ ಎರಡೂ ಕೈ ನೀರಿನಿಂದ ಮೇಲೆತ್ತಿ ತೋರಿಸಿದ. ಮೊಣಕೈಯಿಂದ ತೊಟಕ್ ತೊಟಕ್ ಎಂದು ಹನಿ ಬೀಳುತ್ತಿದ್ದವು.

"ಕೈ ಒದ್ದಿ ಅದಾವ್ರಿ ಸಾಹೇಬ್ರ. ಒದ್ದಿ ಕೈಲೆ ಕರೆಂಟ್ ಮುಟ್ಟಬಾರ್ದಂತ ನೀವ ಬೋರ್ಡ್ ಹಚ್ಚೀರಿ."

"ಒರಿಸ್ಕೋ!"

"ಒರಿಸಿದ್ರೂ ಮತ್ತ ಅದ್ದೂದ ಐತ್ರಿ," ಅಂದು ಮತ್ತೆ ಅದ್ದಿದ.

ಸಾಹೇಬರು ನನ್ನ ಕಡೆ ತಿರುಗಿದರು. ದನಿ ತಗ್ಗಿಸಿದರು. "ದೇವಕ್ಕ, ನೀ ಓದಿದಾಕಿ. ಮುಂದಿನ ತಿಂಗಳ ನಿನ್ನ ಆದೇಶ ಮುಗೀತದ, ಕಾಯಂ ಮಾಡೂದೂ ನನ್ನ ಕೈಯಾಗ ಅದ, ಕಳಿಸೂದೂ ನನ್ನ ಕೈಯಾಗ ಅದ. ಪಾಪ ನಿಮ್ಮವ್ವಗೂ ದಣಿವಾಗಿರ್ತದ. ಒತ್ತು."

ಅವ್ವ ಮಣ್ಣು ಹೊತ್ತವಳ ನುಡಿಯನ್ನು ಎರಡನೇ ಸಲ ಎತ್ತಿದ್ದಳು. ಗಂಟಲು ಈಗ ಪೂರ್ತಿ ಬಿಚ್ಚಿಕೊಂಡಿತ್ತು. ನನ್ನ ಕಡೆ ನೋಡಲೂ ಇಲ್ಲ.

ನನ್ನ ಕೈಗಳು ಒಣಗಿದ್ದವು. ಹೇಳಲು ಯಾವ ನೆಪವೂ ಇರಲಿಲ್ಲ.

"ಒತ್ತೂದಿಲ್ಲ ಸರ್," ಅಂದೆ.